ತಕ್ಕಡಿ ಮೇಷ್ಟ್ರ ಕಣ್ಣು

ಯಾರಾದರೂ ಕೈಗೊಂದು ಕಲ್ಲು ಕೊಟ್ಟರೆ ನಾವು ನೀವು ಮೊದಲು ಕಣ್ಣರಳಿಸಿ ನೋಡುತ್ತೇವೆ. ನಮ್ಮ ಭೂವಿಜ್ಞಾನದ ಮೇಷ್ಟ್ರು ಮೊದಲು ಕಣ್ಣು ಮುಚ್ಚುತ್ತಿದ್ದರು. ಮುಚ್ಚಿ, ಕೊಟ್ಟ ಕಲ್ಲನ್ನು ಬಲ ಅಂಗೈಯಲ್ಲೂ ಕೋಟಿನ ಜೇಬಿನಿಂದ ತೆಗೆದ ಸ್ವಂತದ ಕಲ್ಲೊಂದನ್ನು ಎಡ ಅಂಗೈಯಲ್ಲೂ ಇಟ್ಟು, ಭುಜಗಳನ್ನು ಒಂದಾದ ಮೇಲೊಂದು ಏರಿಸಿ ಇಳಿಸಿ ತೂಕ ನೋಡಿ, ಉಗುರಿನಿಂದ ಗೀರಿ, ಉಸಿರು ಊದಿ ಮೂಸಿ, ನಮಗೆಲ್ಲ ಮುಜುಗರವಾಗುವಷ್ಟು ನಿಧಾನವಾಗಿ ನಾಲಗೆಯ ತುದಿಯಿಂದ ಮುಟ್ಟಿ, ಅನಂತರ ಕಣ್ಣು ತೆರೆಯುತ್ತಿದ್ದರು. ತೆರೆದ ಕಣ್ಣು ಆಗಲೂ ಕಲ್ಲಿನ ಕಡೆಗಲ್ಲ, ಕಲ್ಲು ಕೊಟ್ಟವರ ಮುಖದ ಕಡೆಗೆ ಹೋಗುತ್ತಿತ್ತು. "ಈಗ ನೀನು ಹೇಳು, ನಿನಗೇನು ಕಾಣ್ತಿದೆ?"

ಈ ಏರಿಳಿತದ ದೆಸೆಯಿಂದಲೇ ಅವರಿಗೆ ತಕ್ಕಡಿ ಎಂಬ ಹೆಸರು ಬಂದದ್ದು. ಯಾವ ತಂಡದ ಯಾವ ಪುಣ್ಯಾತ್ಮ ಇಟ್ಟನೋ ತಿಳಿಯದು. ನಾವು ಕಾಲೇಜಿಗೆ ಸೇರುವ ಹೊತ್ತಿಗೆ ಆ ಹೆಸರು ಎಷ್ಟು ನೆಲೆನಿಂತಿತ್ತೆಂದರೆ, ಅವರಿಗೆ ಬಂದ ಟಪಾಲನ್ನು ಜವಾನ ಕೂಡ "ತಕ್ಕಡಿಯವರದ್ದು" ಎಂದೇ ಬೇರೆ ತೆಗೆದಿಡುತ್ತಿದ್ದ. ಅವರ ಕೋಟು ಬೂದಿ ಬಣ್ಣದ್ದು, ಬೇಸಗೆಯಲ್ಲೂ ಮೈಬಿಡದಂಥದ್ದು, ಅದರ ಎರಡು ಜೇಬುಗಳೂ ಕಲ್ಲು ತುಂಬಿ ತುಂಬಿ ಮೊಣಕಾಲಿನ ತನಕ ಜೋತುಬಿದ್ದಿದ್ದವು. ಎಡಗಡೆ ಹೆಚ್ಚು ಭಾರವಿದ್ದ ದಿನ ಅವರು ಎಡಕ್ಕೆ ವಾಲಿ ನಡೆಯುತ್ತಿದ್ದರು, ಬಲಗಡೆ ಹೆಚ್ಚಾದರೆ ಬಲಕ್ಕೆ. ದೂರದಿಂದ ಅವರ ನಡಿಗೆ ನೋಡಿದರೇ ಇವತ್ತು ಸಂಗ್ರಹ ಹೇಗಿದೆ ಎಂಬುದು ಗೊತ್ತಾಗುತ್ತಿತ್ತು. ಮಾತಿನ ನಡುವೆ "ಇರಲಿ, ಇರಲಿ" ಎನ್ನುವ ಅಭ್ಯಾಸ. ಯಾರಾದರೂ ಹೊಗಳಿದರೂ ಇರಲಿ, ಇರಲಿ. ಯಾರಾದರೂ ಕಾಲು ತುಳಿದರೂ ಇರಲಿ, ಇರಲಿ.

ನಾನು ಭೂವಿಜ್ಞಾನಕ್ಕೆ ಸೇರಿದ್ದು ಒಲವಿನಿಂದಲ್ಲ. ಉಳಿದ ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ತೆರೆದೇ ಇದ್ದ ಬಾಗಿಲು ಅದೊಂದು. ಸೇರಿಸಲು ನನ್ನ ಸೋದರಮಾವ ಬಂದಿದ್ದರು. ಲೋಕದಲ್ಲಿ ಎಲ್ಲವನ್ನೂ ಕೇಳಿ ವಿಚಾರಿಸಿಯೇ ಕೊಳ್ಳಬೇಕು ಎಂಬ ಪಂಥದವರು, ಕೊಡೆ ಕೊಳ್ಳುವಾಗಲೂ ಅಂಗಡಿಯವನಿಗೆ ಬೆವರಿಳಿಸಿದವರು. ಮೇಷ್ಟ್ರ ಎದುರು ಕುಳಿತು ನೇರವಾಗಿ ಕೇಳಿಯೇಬಿಟ್ಟರು.

"ಸಾರ್, ಇದನ್ನ ಓದಿ ಏನಾಗ್ತಾರೆ?"

"ಏನು ಬೇಕಾದ್ರೂ ಆಗಬಹುದು. ನೀರು ಬೇಕಾದವರು, ಬೆಟ್ಟ ಕೊರೆಯೋರು, ಅಣೆಕಟ್ಟು ಕಟ್ಟೋರು, ಎಣ್ಣೆ ತೆಗೆಯೋರು, ಚಿನ್ನ ಹುಡುಕೋರು, ಎಲ್ಲರೂ ಕೊನೆಗೆ ನಮ್ಮ ಹತ್ತಿರ ಬರಲೇಬೇಕು."

"ಕೊನೆಗೆ ಅಂದ್ರೆ ಯಾವಾಗ ಸಾರ್?"

"ಗೋಡೆ ಬಿರುಕು ಬಿಟ್ಟ ಮೇಲೆ."

ಮಾವನಿಗೆ ಉತ್ತರ ಹಿಡಿಸಿತೋ, ಉತ್ತರ ಹೇಳಿದ ರೀತಿ ಹಿಡಿಸಿತೋ, ಹೊರಗೆ ಬಂದು, "ಮನುಷ್ಯ ಸುಳ್ಳು ಹೇಳಲ್ಲ ಕಣೋ, ಸೇರಿಕೋ" ಎಂದರು. ಮಾವ ಜೀವನದಲ್ಲಿ ಮೊದಲ ಬಾರಿಗೆ ಚೌಕಾಸಿಯಿಲ್ಲದೆ ಒಪ್ಪಿದ ವ್ಯಾಪಾರ ಅದು.

ನಮ್ಮ ವಿಭಾಗ ಕಾಲೇಜಿನ ಹಿಂಬದಿಯಲ್ಲಿತ್ತು. ಉದ್ದನೆಯ ಒಂದು ಕೋಣೆ, ಗಾಜಿನ ಬೀರುಗಳಲ್ಲಿ ಕಲ್ಲುಗಳು, ಪ್ರತಿ ಕಲ್ಲಿಗೂ ಅಂಟಿಸಿದ ಸಣ್ಣ ಬಿಳಿ ಚೀಟಿ, ಕಿಟಕಿಯ ಪಕ್ಕದಲ್ಲಿ ಸಾಲಾಗಿ ಸೂಕ್ಷ್ಮದರ್ಶಕಗಳು, ನಡುವೆ ನಕ್ಷೆಗಳನ್ನು ಹರಡಲು ಒಂದು ಅಗಲವಾದ ಮರದ ಮೇಜು. ಕಲ್ಲನ್ನು ಕಾಗದಕ್ಕಿಂತ ತೆಳುವಾಗಿ ಉಜ್ಜಿ ಗಾಜಿನ ಪಟ್ಟಿಗೆ ಅಂಟಿಸಿ, ಆ ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೆಳಕನ್ನು ಒಂದು ವಿಶೇಷ ರೀತಿಯಲ್ಲಿ ಹಾಯಿಸಿದರೆ, ಕೈಯಲ್ಲಿ ಮಂಕಾಗಿ ಕಾಣುವ ಜಲ್ಲಿಕಲ್ಲಿನೊಳಗೂ ಬಣ್ಣಗಳ ಜಾತ್ರೆಯೇ ಎದ್ದು ನಿಲ್ಲುತ್ತದೆ. ಮೊದಲ ದಿನ ಅದನ್ನು ಕಂಡು ನಾನು ಕಣ್ಣು ಕೀಳದೆ ನಿಂತಿದ್ದೆ. ಬೇರೆ ಮೇಷ್ಟ್ರಾಗಿದ್ದರೆ ಪಕ್ಕಕ್ಕೆ ಸರಿಸಿ ತಾವೇ ನೋಡಿ, "ಇದು ಇಂಥ ಖನಿಜ, ಬರೆದುಕೋ" ಎನ್ನುತ್ತಿದ್ದರು. ಇವರು ಬೆನ್ನ ಹಿಂದೆ ನಿಂತು ಕೇಳಿದರು.

"ಯಾವ ಬಣ್ಣ?"

"ನೀಲಿ ಸಾರ್."

"ನೀಲಿ ಅಂದ್ರೆ ಸಾಲದು. ಯಾವ ನೀಲಿ? ಮಸಿ ನೀಲಿನಾ, ನೀರಿನ ನೀಲಿನಾ, ಗಾಯ ಊದಿಕೊಂಡಾಗ ಬರುತ್ತಲ್ಲ ಆ ನೀಲಿನಾ?"

ನಾನು ಪುನಃ ನೋಡಿ, ತಡವರಿಸಿ, ಶಾಲೆಯ ಸಮವಸ್ತ್ರ ಒಗೆದು ಒಗೆದು ಮಾಸಿದಾಗ ಇರುವ ನೀಲಿ ಎಂದೆ. ಅವರು ಕಣ್ಣು ಮುಚ್ಚಿ ಅದನ್ನು ಮನಸ್ಸಿನಲ್ಲಿ ಎಲ್ಲೋ ಇಟ್ಟುಕೊಂಡವರಂತೆ ತಲೆದೂಗಿದರು. "ಸರಿ. ಈಗ ಪಟ್ಟಿ ತಿರುಗಿಸು. ಎಷ್ಟು ತಿರುಗಿದಾಗ ಖನಿಜ ಕತ್ತಲಾಗುತ್ತೆ ಹೇಳು. ಬಣ್ಣ ಮೋಸ ಮಾಡುತ್ತೆ, ಕತ್ತಲು ಮೋಸ ಮಾಡಲ್ಲ." ಇದು ಅವರ ನಿತ್ಯದ ಮಂತ್ರ. ಖನಿಜವನ್ನು ಗುರುತಿಸುವಾಗ ಬಣ್ಣವನ್ನು ಕಡೆಯ ಸಾಕ್ಷಿಯಾಗಿ ಕರೆಯಬೇಕೆಂದು ಪುಸ್ತಕಗಳೂ ಹೇಳುತ್ತವೆ. ಒಂದೇ ಖನಿಜ ಹತ್ತು ವೇಷ ಹಾಕುತ್ತದೆ, ಹತ್ತು ಖನಿಜ ಒಂದೇ ವೇಷ ಹಾಕುತ್ತವೆ. ಆದರೆ ಪುಸ್ತಕ ಒಂದು ಸಾಲಿನಲ್ಲಿ ಹೇಳಿ ಬಿಟ್ಟದ್ದನ್ನು ಮೇಷ್ಟ್ರು ಬದುಕಿನ ವ್ರತವನ್ನಾಗಿ ಮಾಡಿಕೊಂಡಿದ್ದರು. ನಮಗೆ ಬಣ್ಣ ವರ್ಣಿಸಲು ಹೇಳುವುದು, ತಾವು ಮಾತ್ರ ಒಂದು ಬಣ್ಣದ ಹೆಸರನ್ನೂ ತಾವಾಗಿ ಆಡದಿರುವುದು. ಇದೊಂದು ಬೋಧನಾ ಕ್ರಮ, ಬಹಳ ಆಳವಾದದ್ದು ಎಂದು ನಾವು ಬೆರಗಾಗುತ್ತಿದ್ದೆವು.

ಬಂಡೆಗಳ ನಡುವೆ ಕರೆದೊಯ್ದಾಗಲೂ ಹಾಗೆಯೇ. ರಸ್ತೆಗಾಗಿ ಕಡಿದ ಗುಡ್ಡದ ಮಗ್ಗುಲಲ್ಲಿ ನಮ್ಮನ್ನು ನಿಲ್ಲಿಸಿ, ತಾವು ಸುತ್ತಿಗೆಯ ಮೇಲೆ ಭಾರ ಹಾಕಿ ನಿಂತು, "ಮೇಲಿನಿಂದ ಕೆಳಗೆ ಓದಿ ಹೇಳಿ" ಎನ್ನುತ್ತಿದ್ದರು. ಒಮ್ಮೆ ಒಂದು ಬಿರುಕಿನ ಅಂಚಿನಲ್ಲಿ ಹಳೆಯ ತಾಮ್ರದ ಬೋಗುಣಿಯ ಕಂಠದಲ್ಲಿ ಕಟ್ಟುವಂಥ ಹಸಿರು ಕಲೆಯಿದೆ ಎಂದು ನಾನು ಹೇಳಿದಾಗ ಅವರು ಎಲ್ಲವನ್ನೂ ಬಿಟ್ಟು ಓಡಿ ಬಂದರು. "ಪಾಚಿ ಅಲ್ಲ ತಾನೆ? ಬೋಗುಣಿಯದ್ದೇ ತಾನೆ?" ಎಂದು ಮತ್ತೆ ಮತ್ತೆ ಕೇಳಿ, ಖಾತ್ರಿಯಾದ ಮೇಲೆ ಬೆನ್ನು ತಟ್ಟಿ, "ತಾಮ್ರ ಇದೆ ಇಲ್ಲಿ. ನೀನು ಕಂಡೆ, ನಾನು ಕಾಣಲಿಲ್ಲ" ಎಂದರು. ದೊಡ್ಡವರ ವಿನಯ ಎಂದುಕೊಂಡು ನಾನು ಅವತ್ತೆಲ್ಲ ನೆಲದಿಂದ ಒಂದು ಗೇಣು ಮೇಲೆಯೇ ನಡೆದೆ. ಮುಂದೆ ಕಲ್ಲಿನ ಸಹವಾಸ ಬಿಟ್ಟು ಪತ್ರಿಕೆಗೆ ಬರೆದು ಹೊಟ್ಟೆ ಹೊರೆಯುವವನಾದ ನನಗೆ, ಕಂಡದ್ದನ್ನು ಕಾಣದವನಿಗೆ ಹೇಳುವ ವಿದ್ಯೆ ಬಂದದ್ದು ಯಾವ ಸಾಹಿತ್ಯದ ತರಗತಿಯಿಂದಲೂ ಅಲ್ಲ.

ಅವರ ಮನೆಗೂ ನಾವು ಆಗಾಗ ಹೋಗುತ್ತಿದ್ದೆವು. ಅವರ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ದಪ್ಪ ಕನ್ನಡಕ, ಚುರುಕು ನಡೆ, ಗಂಡನನ್ನು ರೋಗಿಯಂತೆ ಅಲ್ಲದಿದ್ದರೂ ಆಗ ತಾನೆ ಗುಣವಾದವನಂತೆ ನೋಡಿಕೊಳ್ಳುವ ಹೆಂಗಸು. ಮೇಷ್ಟ್ರು ಹೊರಡಲು ಎದ್ದರೆ ಒಳಗಿನಿಂದ ಕೂಗುತ್ತಿದ್ದರು, "ಕಾಲುಚೀಲ ಎಡಗಡೆ ಗೂಡಿನದ್ದು ಹಾಕ್ಕೊಳ್ಳಿ, ಬಲಗಡೆಯದ್ದಲ್ಲ." ಹಣ್ಣು ತರಲು ಅಂಗಡಿಗೆ ಅವರೊಬ್ಬರನ್ನೇ ಕಳಿಸುತ್ತಿರಲಿಲ್ಲ. "ಇವರು ಕಾಯಿ ಹಣ್ಣು ನೋಡದೆ ತಂದುಬಿಡ್ತಾರೆ. ಕಲ್ಲಾದ್ರೆ ಸರಿ, ಯಾವತ್ತಿದ್ರೂ ಗಟ್ಟಿನೇ" ಎಂದು ನಮ್ಮೆದುರಿಗೇ ಛೇಡಿಸುವರು. ಮೇಷ್ಟ್ರು ನಕ್ಕು, ಇರಲಿ, ಇರಲಿ ಎನ್ನುವರು. ಹೆಂಡತಿಯ ಮಾತಿಗೆ ಎದುರಾಡದ ಗಂಡ ಎಂದು ನಾವು ದಾರಿಯುದ್ದಕ್ಕೂ ನಗುತ್ತ ಬರುತ್ತಿದ್ದೆವು. ಆ ನರ್ಸಮ್ಮ ಎಷ್ಟು ನಾಜೂಕಾಗಿ ಗಂಡನ ಗುಟ್ಟನ್ನು ಕಾಯುತ್ತಿದ್ದರು ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಗಣಿಯ ಕೆಲಸಕ್ಕೆ ಯಾಕೆ ಹೋಗಲಿಲ್ಲ ಸಾರ್ ಎಂದು ಕೇಳಿದರೆ, "ಧೂಳು ನನಗೆ ಒಗ್ಗಲ್ಲ" ಎಂದು ಮಾತು ಮುಗಿಸುತ್ತಿದ್ದರು. ಧೂಳು ಒಗ್ಗದ ಮನುಷ್ಯ ಕಲ್ಲು ಕುಟ್ಟಿ ಕುಟ್ಟಿ ಹುಬ್ಬಿನ ತನಕ ಧೂಳಾಗಿ ನಿಂತಿರುತ್ತಿದ್ದರು. ಆದರೂ ನಾವು ನಂಬಿದ್ದೆವು.

ನಮ್ಮ ತಂಡದಲ್ಲಿ ಏಣಿ ಎಂದು ನಾವು ಕರೆಯುತ್ತಿದ್ದವನೊಬ್ಬನಿದ್ದ. ಬಾಗಿಲಲ್ಲಿ ಬಾಗಿ ಬರುವಷ್ಟು ಉದ್ದ, ಬೆಂಚಿನ ಕೆಳಗೆ ಕಾಲು ಮಡಚಿಡಲು ಜಾಗ ಸಾಲದೆ ಸದಾ ತುದಿಯಲ್ಲಿ ಕುಳಿತಿರುವವನು. ಅವನ ಅಪ್ಪ ದರ್ಜಿ. ಅಂಗಡಿಯಲ್ಲಿ ಅಪ್ಪನಿಗೆ ನೂಲಿನ ಉರುಳೆ ತಂದುಕೊಡುವಾಗ ಯಾವಾಗಲೂ ತಪ್ಪು ಉರುಳೆ ತರುತ್ತಿದ್ದನಂತೆ. ಮೈಮೇಲೆ ಎಚ್ಚರವಿಲ್ಲದವನು ಎಂದು ಬೈಸಿಕೊಂಡು, ಕೊನೆಗೆ ಅಂಗಡಿಯ ಕೆಲಸದಿಂದ ವಜಾ ಆಗಿ ಓದಿಗೆ ಬಿದ್ದವನು. ನಮ್ಮಲ್ಲಿ ನೆಲವನ್ನು ಅವನಷ್ಟು ಬಲ್ಲವರು ಇರಲಿಲ್ಲ. ಮಣ್ಣಿನಡಿ ಮರೆಯಾದ ಬಂಡೆ ಮತ್ತೆ ಎಲ್ಲಿ ತಲೆಯೆತ್ತೀತು ಎಂದು ನಿಂತಲ್ಲಿಂದಲೇ ಬೆರಳು ತೋರಿಸುವನು. ಹೋಗಿ ನೋಡಿದರೆ ಅಲ್ಲಿ ಇರುವುದು. ಕೊನೆಯ ವರ್ಷ ದೊಡ್ಡ ಗಣಿ ಕಂಪನಿಯೊಂದು ಅವನನ್ನು ಆರಿಸಿತು. ಪದವಿ ಕೈಗೆ ಬರಬೇಕು, ವೈದ್ಯರ ತಪಾಸಣೆ ಮುಗಿಯಬೇಕು, ಅಷ್ಟೇ ಬಾಕಿ. ಅವನ ಅಪ್ಪ ಆಗಲೇ ಮಗನಿಗೆಂದು ದಪ್ಪ ಬಟ್ಟೆಯ ಷರಟು ಹೊಲಿದಿಟ್ಟಿದ್ದರು.

ಭೂವಿಜ್ಞಾನದ ಪದವಿಯಲ್ಲಿ ಅಂತಿಮ ಪರೀಕ್ಷೆಗಿಂತ ದೊಡ್ಡದೊಂದಿದೆ. ಒಂದು ತುಂಡು ನೆಲವನ್ನು ನಮಗೆ ಒಪ್ಪಿಸುತ್ತಾರೆ. ನಾವು ಒಬ್ಬೊಬ್ಬರೇ ಅದರ ಮೇಲೆ ಅಲೆದು, ಯಾವ ಕಲ್ಲು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆಂದು ಗೆರೆ ಎಳೆದು, ಪ್ರತಿ ಕಲ್ಲಿಗೂ ಗೊತ್ತಾದ ಬಣ್ಣ ತುಂಬಿ ನಕ್ಷೆ ಮಾಡಿಕೊಡಬೇಕು. ಏಣಿಗೆ ಸಿಕ್ಕಿದ್ದು ಗ್ರಾನೈಟಿನ ಒಂದು ಗುಡ್ಡ. ಅದರ ಬಿರುಕುಗಳಲ್ಲಿ ಕೆಳಗಿನಿಂದ ನುಗ್ಗಿ ಬಂದು ಗಟ್ಟಿಯಾದ ಕರಿಗಲ್ಲಿನ ಉದ್ದುದ್ದ ಪಟ್ಟಿಗಳು. ರೂಢಿಯ ಪ್ರಕಾರ ಗ್ರಾನೈಟಿಗೆ ನಸುಗೆಂಪು, ಕರಿಗಲ್ಲಿಗೆ ತಿಳಿಹಸಿರು. ಅವನು ಮನೆಯಲ್ಲೇ ಕುಳಿತು ಬಣ್ಣ ತುಂಬಿದ; ಸುರುಳಿ ಸುತ್ತಿ ಡಬ್ಬಿಯಲ್ಲಿಟ್ಟು ಮೇಷ್ಟ್ರ ಮನೆಗೆ ಒಯ್ದ; ಮೇಷ್ಟ್ರು ಮಸೂರ ಹಿಡಿದು ಗೆರೆ ಗೆರೆಯನ್ನೂ ನೋಡಿ, ನನ್ನ ಕಾಲದಲ್ಲಿ ಇಂಥ ನಕ್ಷೆ ಬಂದದ್ದಿಲ್ಲ ಎಂದು ಸಹಿ ಹಾಕಿದರು. ಕಾಲೇಜಿನಲ್ಲಿ ಬೇರೆ ಯಾರೂ ಅದನ್ನು ನೋಡಿರಲಿಲ್ಲ.

ಅದೇ ವರ್ಷ ನಮ್ಮ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಕುರ್ಚಿ ತಕ್ಕಡಿ ಮೇಷ್ಟ್ರದ್ದೇ ಎಂಬುದು ಗೋಡೆಗೂ ಗೊತ್ತಿತ್ತು. ನರ್ಸಮ್ಮ ಹೊಸ ಕೋಟಿಗೆ ಬಟ್ಟೆ ಕೊಂಡಿದ್ದರು, ಜೇಬಿಲ್ಲದ ಕೋಟು ಹೊಲಿಸುತ್ತೇನೆ ಎಂದು ಹೆದರಿಸಿದ್ದರು ಕೂಡ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕಿ ಬಂದರು. ನೆಲದ ಸರ್ವೆಯಲ್ಲೇ ಕೂದಲು ನರೆತ ಹೆಂಗಸು. ಬಿಸಿಲಿಗೆ ಚರ್ಮ ತೊಗಲಾಗಿತ್ತು, ಮಾತು ಕಡಿಮೆ, ಕಣ್ಣು ಹದ್ದಿನದು. ಅಗಲದ ಮೇಜಿನ ಸುತ್ತ ನಾವೆಲ್ಲ ನಮ್ಮ ನಮ್ಮ ಸುರುಳಿ ಹಿಡಿದು ನಿಂತಿದ್ದೆವು. ಏಣಿಯ ಸರದಿ ಬಂದು ಅವನು ನಕ್ಷೆ ಬಿಚ್ಚಿ ನಾಲ್ಕು ಮೂಲೆಗೂ ಕಲ್ಲು ಹೇರಿದ ಕೂಡಲೇ ನಾನು ಕತ್ತು ಚಾಚಿ ನೋಡಿದೆ. ಎಡಗಡೆಯ ಅರ್ಧದಲ್ಲಿ ಗುಡ್ಡವೆಲ್ಲ ನಸುಗೆಂಪು, ಪಟ್ಟಿಗಳು ಹಸಿರು, ಎಲ್ಲ ಸರಿ. ಬಲಗಡೆಯ ಅರ್ಧದಲ್ಲಿ ಗುಡ್ಡವೇ ಹಸಿರು, ಪಟ್ಟಿಗಳು ಕೆಂಪು. ಒಂದೇ ಪಟ್ಟಿ ನಡುವಿನ ತನಕ ಹಸಿರಾಗಿ ಬಂದು, ಗಡಿ ದಾಟಿ ದೇಶ ಬದಲಿಸಿದ ಹಾಗೆ ಕೆಂಪಾಗಿ ಮುಂದುವರಿದಿತ್ತು. ಏಣಿ ನಿಶ್ಚಿಂತೆಯಿಂದ ನಿಂತಿದ್ದ. ಅವನ ಪಕ್ಕದಲ್ಲಿ ಮೇಷ್ಟ್ರು, ಮಗನ ಮದುವೆಯಲ್ಲಿ ನಿಂತ ಅಪ್ಪನಂತೆ, ಅವನಿಗಿಂತ ನಿಶ್ಚಿಂತೆಯಿಂದ.

ಪರೀಕ್ಷಕಿ ಬಹಳ ಹೊತ್ತು ನೋಡಿದರು.

"ಇದನ್ನ ಇಬ್ಬರು ಮಾಡಿದ್ದಾರೆ" ಎಂದರು. "ಅರ್ಧ ನೀನು ಮಾಡಿದ್ದೀಯ. ಅರ್ಧ ಯಾರ ಹತ್ರ ಮಾಡಿಸಿದೆ?"

ಹೀಗೆ ಬೇರೆಯವರಿಂದ ನಕ್ಷೆ ಮಾಡಿಸುವ ದುರಭ್ಯಾಸ ಅಲ್ಲಿ ಇಲ್ಲಿ ಇದ್ದದ್ದೇ. ಸಿಕ್ಕಿಬಿದ್ದರೆ ಪದವಿಯಿಲ್ಲ, ಮತ್ತೆ ಪರೀಕ್ಷೆಗೆ ಕೂರುವಂತೆಯೂ ಇಲ್ಲ. "ನಾನೇ ಮಾಡಿದ್ದು ಮೇಡಂ" ಎಂದ ಏಣಿ. ಹಾಗಾದರೆ ಈ ಎರಡು ಭಾಗಕ್ಕೆ ವ್ಯತ್ಯಾಸ ಏಕೆ ಎಂದು ಅವರು ಕೇಳಿದರು. ಅವನು ನಕ್ಷೆಯನ್ನು ನೋಡಿದ, ಅವರನ್ನು ನೋಡಿದ, ಪುನಃ ನಕ್ಷೆಯನ್ನು ನೋಡಿದ. ಏನು ವ್ಯತ್ಯಾಸ ಎಂದು ಅವನು ಕೇಳಲಿಲ್ಲ. ಕೇಳಲಾರದವನಂತೆ ತುಟಿ ಬಿಗಿಹಿಡಿದು ನಿಂತ. ಅವನ ಉದ್ದವೆಲ್ಲ ಎಲ್ಲಿ ಹೋಯಿತೋ, ನಮ್ಮ ಕಣ್ಣೆದುರೇ ಕುಗ್ಗಿಹೋದ.

ಪರೀಕ್ಷಕಿ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಸಹಿ ಇದೆ ಇದರ ಮೇಲೆ. ಈ ಕಡೆ ಗುಡ್ಡ ಕೆಂಪು, ಆ ಕಡೆ ಹಸಿರು. ಕಣ್ಣಿಗೆ ಹೊಡೆಯೋ ಹಾಗಿದೆ. ನಿಮಗೆ ಕಾಣಲಿಲ್ವಾ?"

ಇಲ್ಲಿ ಮೇಷ್ಟ್ರಿಗೆ ಸುಲಭದ ದಾರಿಗಳು ಬೇಕಾದಷ್ಟಿದ್ದವು. ಅವಸರದಲ್ಲಿ ಸಹಿ ಹಾಕಿದೆ ಎನ್ನಬಹುದಿತ್ತು. ಸಹಿ ಹಾಕಿದ ಮೇಲೆ ಹುಡುಗ ಏನೋ ಮಾಡಿಕೊಂಡಿದ್ದಾನೆ ಎನ್ನಬಹುದಿತ್ತು. ಎರಡರಲ್ಲಿ ಯಾವುದನ್ನು ಹೇಳಿದರೂ ಯಾರೂ ಮರುಮಾತಾಡುತ್ತಿರಲಿಲ್ಲ. ಅವರು ನಕ್ಷೆಯ ಮೇಲೆ ಬಾಗಿ, ಎಡಗಡೆ ಒಮ್ಮೆ, ಬಲಗಡೆ ಒಮ್ಮೆ ಅಂಗೈಯಿಂದ ಸವರಿದರು. ಕೈಗಾದರೂ ತಿಳಿದೀತೇ ಎಂದು ನೋಡಿದರೋ ಏನೋ. ಆಮೇಲೆ ನೆಟ್ಟಗೆ ನಿಂತರು.

"ಇಲ್ಲ" ಎಂದರು. "ಕಾಣಲಿಲ್ಲ. ಈಗಲೂ ಕಾಣ್ತಿಲ್ಲ. ನನಗೆ ಎರಡೂ ಒಂದೇ. ಹುಟ್ಟಿದಾಗಿನಿಂದ ಹಾಗೇ."

ಕೆಂಪೂ ಹಸಿರೂ ಬೇರೆಯಾಗಿ ಕಾಣದ ಮನುಷ್ಯ ಜೀವಮಾನವಿಡೀ ಬಣ್ಣದ ನಕ್ಷೆಗಳನ್ನು ತಿದ್ದಿದ್ದರು, ಬಣ್ಣ ಅರಳುವ ಸೂಕ್ಷ್ಮದರ್ಶಕದ ಪಾಠ ಮಾಡಿದ್ದರು, ನಮ್ಮ ಮುಂದೆ. ಅವರು ಪರೀಕ್ಷಕಿಯ ಮುಖವನ್ನಾಗಲಿ, ಬಾಗಿಲ ಬಳಿ ನಿಂತಿದ್ದ ಮುಖ್ಯಸ್ಥರ ಮುಖವನ್ನಾಗಲಿ ನೋಡಲಿಲ್ಲ. ಏಣಿಯ ಕಡೆ ತಿರುಗಿ, ಅವನ ಮೊಣಕೈ ಹಿಡಿದು, ಪಾಠದ ನಡುವೆ ಸಣ್ಣ ಸಂದೇಹ ಕೇಳುವ ದನಿಯಲ್ಲಿ ಕೇಳಿದರು.

"ನಿನಗೂ ಒಂದೇನಾ?"

ಏಣಿ ಹೌದೆಂದು ತಲೆಯಾಡಿಸಿದ. ಮಾತಾಡಲು ಹೋಗಿ ಅತ್ತುಬಿಟ್ಟ.

ಆಮೇಲೆ ತುಂಡು ತುಂಡಾಗಿ ಹೊರಬಂತು. ಅವನು ಬಣ್ಣದ ಪೆನ್ಸಿಲುಗಳನ್ನು ಮೈಮೇಲೆ ಅಚ್ಚಾದ ಹೆಸರು ಓದಿ ಆರಿಸುತ್ತಿದ್ದ. ನಕ್ಷೆ ಅರ್ಧ ಮುಗಿದಾಗ ಅಣ್ಣನಿಗೆ ನೆರವಾಗಲೆಂದು ಪುಟ್ಟ ತಂಗಿ ಪೆನ್ಸಿಲುಗಳನ್ನೆಲ್ಲ ಹೊಸದಾಗಿ ಕೆತ್ತಿಟ್ಟಳು, ಹೆಸರಿದ್ದ ತುದಿಯಿಂದಲೇ. ಹೆಸರು ಸಿಪ್ಪೆಯಾಗಿ ಹೋಯಿತು. ಯಾವುದು ಯಾವುದೆಂದು ಅವಳನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ, ಅವಳ ಬಾಯಿಂದ ಅಪ್ಪನಿಗೆ, ಅಪ್ಪನಿಂದ ಊರಿಗೆ. ಕಂಪನಿಯ ಕಣ್ಣಿನ ಪರೀಕ್ಷೆಗೆ ಚುಕ್ಕೆಯ ಚಿತ್ರಗಳಲ್ಲಡಗಿದ ಅಂಕಿಗಳನ್ನು ಅವನು ಬಾಯಿಪಾಠ ಮಾಡುತ್ತಿದ್ದ ಕಾಲ ಅದು. ಅಂದಾಜಿನಿಂದ ಎರಡು ಪೆನ್ಸಿಲು ಆರಿಸಿ ಉಳಿದರ್ಧ ಮುಗಿಸಿದ. ಆ ತಂಗಿಯನ್ನು ಮುಂದೊಮ್ಮೆ ನಾನು, ನಿನಗಾದರೂ ಕಾಣಿಸಲಿಲ್ಲವೇ ಎಂದು ಕೇಳಿದೆ. "ಕಾಣಿಸ್ತು. ಭೂವಿಜ್ಞಾನ ಅಂದ್ರೆ ಹಾಗೇ ಇರುತ್ತೇನೋ ಅಂದುಕೊಂಡೆ" ಎಂದಳು.

ಪರೀಕ್ಷಕಿ ನಕ್ಷೆಯನ್ನು ಎತ್ತಿ ಮಗುಚಿ ಕಿಟಕಿಯ ಗಾಜಿಗೆ ಒತ್ತಿ ಹಿಡಿದರು. ಹಿಂಬದಿಯಿಂದ ನೋಡಿದಾಗ ಬಣ್ಣವೆಲ್ಲ ಮಂಕಾಗಿ ಮಸಿಯ ಗೆರೆಗಳಷ್ಟೇ ಉಳಿದವು. ಗೆರೆಗಳು ಎಲ್ಲೂ ಮುರಿದಿರಲಿಲ್ಲ. ಎರಡು ಕೈಯ ಗುರುತು ಎಲ್ಲೂ ಇರಲಿಲ್ಲ. ಪಟ್ಟಿಗಳು ಗುಡ್ಡದ ಒಂದು ಮೈಯಿಂದ ಇನ್ನೊಂದು ಮೈಗೆ ನಿರಾಯಾಸವಾಗಿ ಹಾದುಹೋಗಿದ್ದವು. ಅವರು ಬೆರಳಿಟ್ಟು ಬೆರಳಿಟ್ಟು ಪ್ರಶ್ನೆ ಕೇಳಿದರು, ಏಣಿ ಮೂಗೊರೆಸಿಕೊಳ್ಳುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟ. "ಗೆರೆ ಒಬ್ಬನದೇ" ಎಂದು ಅವರು ಅಂಕ ಬರೆದರು. ಎದ್ದು ಹೊರಡುವಾಗ ಮೇಷ್ಟ್ರನ್ನು ಕೇಳಿದರು, "ಇಷ್ಟು ವರ್ಷ ಸೂಕ್ಷ್ಮದರ್ಶಕದ ಪಾಠ ಹೇಗೆ ಮಾಡಿದ್ರಿ?"

"ಇವರನ್ನ ಕೇಳ್ತಿದ್ದೆ" ಎಂದರು ಮೇಷ್ಟ್ರು, ನಮ್ಮ ಕಡೆ ಕೈ ತೋರಿಸಿ.

ಏಣಿಗೆ ಪದವಿ ಬಂತು. ಮೇಷ್ಟ್ರಿಗೆ ಕುರ್ಚಿ ಬರಲಿಲ್ಲ. ಆಡಳಿತದವರು ಬಹಳ ಮರ್ಯಾದೆಯಿಂದಲೇ ನಡೆದುಕೊಂಡರು: ನಕ್ಷೆ ತಿದ್ದುವ ಕೆಲಸವನ್ನೂ ಸೂಕ್ಷ್ಮದರ್ಶಕದ ತರಗತಿಯನ್ನೂ ಬೇರೆಯವರಿಗೆ ಕೊಟ್ಟು, ಮೊದಲ ವರ್ಷದ ಪಾಠವನ್ನೂ ಕಲ್ಲಿನ ಬೀರುಗಳನ್ನೂ ಇವರಿಗೆ ಬಿಟ್ಟರು. ನರ್ಸಮ್ಮ ಹೊಸ ಕೋಟಿನ ಬಟ್ಟೆಯನ್ನು ಮಡಿಸಿ ಒಳಗಿಟ್ಟರು. ನಾವು ಮುಖ ಸಪ್ಪೆ ಮಾಡಿಕೊಂಡು ಹೋದಾಗ, "ಇಷ್ಟು ವರ್ಷ ಇವರ ಕಾಲುಚೀಲ ಕಾದಿದ್ದೆಲ್ಲ ನೀರಲ್ಲಿ ಹೋಮ ಆಯ್ತು" ಎಂದು ನಕ್ಕರು. ನಕ್ಕವರು ಒಳಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತ, "ಇರಲಿ, ಇರಲಿ" ಎಂದರು. ಆ ಸಲ ಆ ಮಾತು ಅವರಿಗೇ ಹೇಳಿಕೊಂಡದ್ದು. ನನಗೆ ಬಹಳ ಸಂಕಟವಾಯಿತು. ಇವತ್ತಿಗೂ ನೆನೆದರೆ ಆಗುತ್ತದೆ.

ಗಣಿ ಕಂಪನಿಯ ತಪಾಸಣೆಗೆ ಏಣಿ ಹೋಗಲೇ ಇಲ್ಲ. ಮೇಷ್ಟ್ರೇ ತಡೆದರು. "ನೆಲದ ಕೆಳಗೆ ದೀಪ ಕೆಂಪೋ ಹಸಿರೋ ಅನ್ನೋದು ಪ್ರಾಣದ ಮಾತು ಕಣಯ್ಯಾ. ನಾನೂ ನಿನ್ನ ಹಾಗೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಪುಸ್ತಕ ತಿರುವಿ ಹಿಂದಿನಿಂದ ಕೇಳಿದ್ರು" ಎಂದರು. ಧೂಳು ಒಗ್ಗದ ಕಥೆ ಅಲ್ಲಿಗೆ ಮುಗಿಯಿತು. ನಂತರ ಇಬ್ಬರೂ ಜಗಲಿಯಲ್ಲಿ ಕುಳಿತು, ಈ ಓದಿನಿಂದ ಲೋಕದಲ್ಲಿ ಎಲ್ಲೆಲ್ಲಿಗೆ ಹೋಗಬಹುದು ಎಂಬುದನ್ನು ಒಂದೊಂದಾಗಿ ಎಣಿಸಿ ಕಳೆಯುತ್ತ ಬಂದರು. ರತ್ನ ಪರೀಕ್ಷೆ, ಬೇಡ. ಎಣ್ಣೆ ಬಾವಿ, ಆಗಬಹುದು, ಆದರೆ ಅಪ್ಪ ಅಷ್ಟು ದೂರ ಬಿಡುವುದಿಲ್ಲ. ಸುರಂಗ, ಅಲ್ಲೂ ದೀಪ. ಕೊನೆಗೆ ಉಳಿದದ್ದು ನೀರು. ನೆಲಕ್ಕೆ ಕಬ್ಬಿಣದ ಗೂಟಗಳನ್ನು ನೆಟ್ಟು, ಅದರೊಳಗೆ ವಿದ್ಯುತ್ತು ಹರಿಸಿ, ಭೂಮಿ ಎಷ್ಟು ತಡೆಯುತ್ತದೆ ಎಂದು ಅಂಕಿಗಳಲ್ಲಿ ಓದಿ, ಕೆಳಗಿನ ನೀರನ್ನು ಪತ್ತೆ ಮಾಡುವ ಕೆಲಸ. "ಅಲ್ಲಿ ಯಾರೂ ನಿನ್ನನ್ನ ಬಣ್ಣ ಕೇಳಲ್ಲ" ಎಂದರು ಮೇಷ್ಟ್ರು. ಏಣಿ ಅದನ್ನೇ ಹಿಡಿದ. ಇಂದು ಎಷ್ಟೋ ಬಡಾವಣೆಗಳ ನಲ್ಲಿಯಲ್ಲಿ ಅವನು ತೋರಿಸಿದ ನೀರು ಬರುತ್ತಿದೆ.

ದರ್ಜಿ ಒಂದು ದಿನ ಮೇಷ್ಟ್ರ ಮನೆಗೆ ಬಂದಿದ್ದರಂತೆ. ಕುಳಿತುಕೊಳ್ಳದೆ, ನಿಂತೇ, ಟೋಪಿಯನ್ನು ಕೈಯಲ್ಲಿ ಹಿಂಡುತ್ತ, "ಸುಮ್ಮನೆ ಬೈದುಬಿಟ್ಟೆ ಸಾರ್, ಇಷ್ಟು ವರ್ಷ. ಎಚ್ಚರ ಇಲ್ಲದವನು ಅಂದೆ" ಎಂದರಂತೆ. ಮೇಷ್ಟ್ರು ಏನು ಹೇಳಿದರು ಎಂದು ನಾನು ಕೇಳಿದ್ದಕ್ಕೆ ನರ್ಸಮ್ಮ, "ಇವರೇನು ಹೇಳ್ತಾರೆ, ಅವರ ಜತೆ ಇವರೂ ಕಣ್ಣೊರೆಸಿಕೊಂಡ್ರು" ಎಂದರು.

ಕೊರತೆಯೊಂದನ್ನು ಒಡಲಲ್ಲಿಟ್ಟುಕೊಂಡು, ಅದು ಹೊರಗೆ ಇಣುಕದಂತೆ ನಡೆ ನುಡಿಗಳನ್ನೆಲ್ಲ ಹೊಂದಿಸಿಕೊಂಡು, ಆಯುಷ್ಯ ಸವೆಸುವವರು ಲೋಕದಲ್ಲಿ ಕಡಿಮೆಯಿಲ್ಲ; ಹುಡುಕಿದರೆ ಪ್ರತಿ ಕಚೇರಿಯಲ್ಲೂ ಪ್ರತಿ ಮನೆಯಲ್ಲೂ ಒಬ್ಬರು ಸಿಕ್ಕಾರು. ಅವರಲ್ಲಿ ಬಹಳ ಮಂದಿ, ತಮ್ಮದೇ ಕೊರತೆ ಇನ್ನೊಬ್ಬನಲ್ಲಿ ಕಂಡಾಗ, ತಮ್ಮ ಗುಟ್ಟು ಎಲ್ಲಿ ಜತೆಗೇ ಹೊರಬಿದ್ದೀತೋ ಎಂದು ಮುಖ ತಿರುಗಿಸುತ್ತಾರೆ. ಕೆಲವರಂತೂ ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಾರೆ. ಇನ್ನು ಕೆಲವರು ಒಳ್ಳೆಯವರು. ಅವನನ್ನು ಮರೆಗೆ ಕರೆದು, ಅವನ ಬಾಯಿಂದ ಎಲ್ಲವನ್ನೂ ಹೊರಡಿಸಿ, ಆಮೇಲೆ ಬೇಕೆನಿಸಿದರೆ ತಮ್ಮದನ್ನು ಪಿಸುಗುಟ್ಟುತ್ತಾರೆ. ನಮ್ಮ ಮೇಷ್ಟ್ರಂಥವರು ಬಹಳ ವಿರಳ. ಆ ಮೇಜಿನ ಮುಂದೆ ಅವರು ಹುಡುಗನನ್ನು ಮೊದಲು ಕೇಳಿ, ಅವನು ಒಪ್ಪಿದ ಮೇಲೆ ಸುಮ್ಮನಿದ್ದುಬಿಡಬಹುದಿತ್ತು. ಅವನೂ ಉಳಿಯುತ್ತಿದ್ದ, ಕುರ್ಚಿಯೂ ಉಳಿಯುತ್ತಿತ್ತು. ಅವರು ಮೊದಲು ತಮ್ಮದನ್ನು ಹೇಳಿದರು, ಆಮೇಲೆ ಅವನದನ್ನು ಕೇಳಿದರು. ಹಾಗೆ ಮೊದಲು ಹೇಳಿಬಿಡುವ ಮನುಷ್ಯ ಎದುರಿಗೆ ನಿಂತಾಗಲೇ ನಮ್ಮಂಥ ಉಳಿದವರಿಗೆ ಬಾಯಿ ಬರುತ್ತದೆ.